ಹಣ್ಣಾಗದ ನೀಲಿ ಕಾಯಿ

“ಇನ್ನು ಜನವರಿ ಆರರ ಮೂರು ರಾಜರ ಹಬ್ಬ ಕಳೆಯೋವರೆಗೂ ಈ ಮನೇಲಿ ಯಾವ ಚಕ್ರವೂ ತಿರುಗಬಾರದು,” ಎಂದು ಎಲ್ಫ್ರೀಡ ಅಜ್ಜಿ ಹೇಳಿದಾಗ ವೀಬ್ಕೆ ಫಕ್ಕನೆ ನಕ್ಕುಬಿಟ್ಟಳು. ಕೈಯಲ್ಲಿದ್ದ ಸ್ಟೋಲನ್ ಕೇಕಿನ ತುಂಡಿನ ಸಕ್ಕರೆಪುಡಿ ಮೇಜಿನ ಮೇಲೆಲ್ಲ ಉದುರಿತು.

“ನಾನು ಬ್ರೇಮನ್ನಿಂದ ಕಾರಿನ ನಾಲ್ಕೂ ಚಕ್ರ ತಿರುಗಿಸಿಕೊಂಡೇ ಬಂದೆನಲ್ಲ ಅಜ್ಜಿ, ಈಗೇನು ಮಾಡೋದು?”

“ಕಾರು ಏನನ್ನೂ ಹುಟ್ಟಿಸೋದಿಲ್ಲ ಮಗಳೇ. ಮರ ಕಡೆಯೋ ಲೇತು ಹುಟ್ಟಿಸುತ್ತೆ. ಈ ದಿನಗಳಲ್ಲಿ ಮರ ಕಡೆದರೆ, ಕಡೆಯೋರ ಮನಸ್ಸಲ್ಲಿ ಯಾರು ತುಂಬಿರ್ತಾರೋ ಅವರು ಬಂದು ಆ ಮರದೊಳಗೆ ಕೂತುಬಿಡ್ತಾರೆ.”

“ಹಾಗಾದ್ರೆ ನಾನು ಚಾಕೊಲೇಟ್ ನೆನೆಸಿಕೊಂಡು ಕಡೀತೀನಿ ಬಿಡಿ.”

ಯಾರೂ ನಗಲಿಲ್ಲ. ಮೇಜಿನ ಸುತ್ತ ಇದ್ದ ಉಳಿದವರೆಲ್ಲ ನಮ್ಮ ಬೆಟ್ಟದ ಊರಿನ ಮಕ್ಕಳು, ಮರ ಕಡೆದು ಗೊಂಬೆ ಮಾಡುವವರ ಮನೆಗಳಲ್ಲಿ ಹುಟ್ಟಿದವರು. ಕ್ರಿಸ್‌ಮಸ್ ಕಳೆದ ಮರುದಿನವೇ ಇಲ್ಲಿ ಲೇತುಗಳ ಮೇಲೆ ಬಟ್ಟೆ ಬೀಳುತ್ತದೆ. ಹೊರಗೆ ಹಿಮ ಕಿಟಕಿಯ ಅರ್ಧಕ್ಕೆ ಏರುತ್ತದೆ. ಕೈಗೆ ಕೆಲಸವಿಲ್ಲದ ಆ ದಿನಗಳಲ್ಲೆಲ್ಲ ಜನ ಮೇಜಿಗೆ ಅಂಟಿಕೊಂಡು ಪಗಡೆಯಾಡುತ್ತಾರೆ.

ಎಲ್ಫ್ರೀಡ ಅಜ್ಜಿಯ ಮೊಮ್ಮಗ ಫಾಲ್ಕ್, ಅವನ ಬಾಲ್ಯದ ಗೆಳತಿ ರಾಮೋನಾ, ಮತ್ತೆ ಟೀಲೋ. ಈ ಮೂವರು ಶಾಲೆಯ ದಿನದಿಂದಲೂ ಒಂದೇ ಹಲಗೆಯ ಮೇಲೆ ಆಡಿದವರು. ಫಾಲ್ಕ್‌ನದು ಹಳದಿ, ರಾಮೋನಾಳದು ಕೆಂಪು, ಟೀಲೋನದು ಹಸಿರು. ನೀಲಿ ಕಾಯಿಗಳು ಅಜ್ಜನವು. ಅಜ್ಜ ಸತ್ತಾಗ ಅದರಲ್ಲೊಂದನ್ನು ಅವರ ಶವಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಫಾಲ್ಕ್‌ನ ಪ್ರೇಯಸಿಯಾಗಿ ಈ ಆಟಕ್ಕೆ ಹೊಸದಾಗಿ ಬಂದ ವೀಬ್ಕೆಯ ಪಾಲಿಗೆ ಉಳಿದದ್ದು ಮೂರು ನೀಲಿ ಕಾಯಿ ಮತ್ತು ನಾಲ್ಕನೆಯದರ ಬದಲಿಗೆ ಅಜ್ಜನ ಕೋಟಿನ ಒಂದು ಗುಂಡಿ.

ಆ ಗುಂಡಿಯೇ ಅವಳ ಹೊಟ್ಟೆಗೆ ಕಿಚ್ಚಿಟ್ಟಿತು.

“ಗುಂಡಿ ಬಂತು, ಗುಂಡಿ! ಹೊಡಿಯೇ ರಾಮೋನಾ!” ಎಂದು ಟೀಲೋ ಕೂಗುತ್ತಿದ್ದ. ರಾಮೋನಾ ದಾಳ ಉರುಳಿಸಿ, ಕೆಂಪು ಕಾಯಿಯನ್ನು ಟಕಟಕ ನಡೆಸಿ, ಗುಂಡಿಯನ್ನು ಬೆರಳಲ್ಲಿ ಚಿಮ್ಮುತ್ತಿದ್ದಳು. ಅದು ಹಲಗೆ ದಾಟಿ ನೆಲಕ್ಕೆ ಬೀಳುತ್ತಿತ್ತು. “ಬೇಜಾರು ಮಾಡ್ಕೋಬೇಡ ಕಣೆ, ಆಟ ಅಂದ್ಮೇಲೆ ಹೊಡೆಯಲೇಬೇಕು,” ಎನ್ನುತ್ತಿದ್ದಳು. ಆದರೆ ಫಾಲ್ಕ್‌ನ ಹಳದಿ ಕಾಯಿ ಎದುರಿಗೆ ಬಂದರೆ? ಆಗ ಅವಳ ಬೇರೆ ಯಾವುದೋ ಕಾಯಿ ನಡೆಯುತ್ತಿತ್ತು. ಫಾಲ್ಕ್ ಅವಳ ಕಡೆ ನೋಡಿ ಮುಗುಳ್ನಗುತ್ತಿದ್ದ. ಆ ನಗುವಿನಲ್ಲಿ ಇಪ್ಪತ್ತು ಚಳಿಗಾಲಗಳಿದ್ದವು. ಒಂದರಲ್ಲೂ ವೀಬ್ಕೆ ಇರಲಿಲ್ಲ.

“ನಿಮ್ಮಿಬ್ಬರದು ಒಂದೇ ಪಕ್ಷವಾ?” ಎಂದು ಅವಳು ಕೇಳಿದಳು. ನಗುತ್ತಲೇ ಕೇಳಿದಳು.

“ಹಳೇ ಒಪ್ಪಂದ,” ಎಂದ ಫಾಲ್ಕ್. “ಚಿಕ್ಕವರಿದ್ದಾಗ ನಾನು ಇವಳ ಕಾಯಿ ಹೊಡೆದೆ ಅಂತ ಇವಳು ಅತ್ತೂ ಅತ್ತೂ ಜ್ವರ ಬರಿಸಿಕೊಂಡಿದ್ದಳು.”

ಎಲ್ಲರೂ ನಕ್ಕರು. ವೀಬ್ಕೆ ನೆಲದ ಮೇಲೆ ಗುಂಡಿ ಹುಡುಕುತ್ತಿದ್ದಳು.

ಮರುದಿನ ಮೂವರು ಗೆಳೆಯರೂ ಸ್ಕೀ ಕಟ್ಟಿಕೊಂಡು ಕಾಡಿಗೆ ಹೊರಟರು. ವೀಬ್ಕೆ ತಲೆನೋವೆಂದು ಮನೆಯಲ್ಲೇ ಉಳಿದಳು. ಕಿಟಕಿಯಿಂದ ನೋಡಿದಳು. ಟೀಲೋ ಮುಂದೆ. ಹಿಂದೆ ಫಾಲ್ಕ್ ಮತ್ತು ರಾಮೋನಾ ತಲೆಗೆ ತಲೆ ತಾಗಿಸಿಕೊಂಡು ಏನೋ ಪಿಸುಗುಡುತ್ತ ಹೋಗುತ್ತಿದ್ದರು. ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ನನಗೆ ಗುಂಡಿ, ಅವಳಿಗೆ ಗುಟ್ಟು! ಅಜ್ಜಿ ಮಹಡಿಯಲ್ಲಿ ನಿದ್ದೆ ಹೋಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ಗುಂಡಿಯ ಬದಲಿಗೆ ಹೊಸ ಕಾಯಿ ಕಡೆದುಕೊಳ್ಳಲು ಅವಳು ಹಿತ್ತಲ ಕಾರ್ಖಾನೆಯ ಬಾಗಿಲು ತೆರೆದಳು.

ಒಳಗೆ ಕತ್ತಲೆ. ತಣ್ಣಗಿನ ಕಬ್ಬಿಣದ ವಾಸನೆ, ಅಗಸೆ ಎಣ್ಣೆಯ ವಾಸನೆ, ಹಸಿ ಬರ್ಚ್ ಮರದ ಸಿಹಿ ವಾಸನೆ. ಲೇತಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಶವದ ಮೇಲೆ ಹೊದಿಸಿದ ಹಾಗೆ, ಎಂದುಕೊಂಡು ಅವಳು ಅದನ್ನು ಸರಕ್ಕನೆ ಎಳೆದಳು. ಕಡೆಯುವುದನ್ನು ಫಾಲ್ಕೇ ಅವಳಿಗೆ ಶರತ್ಕಾಲದಲ್ಲಿ ಹೇಳಿಕೊಟ್ಟಿದ್ದ, ಹಿಂದೆ ನಿಂತು, ಅವಳ ಕೈಮೇಲೆ ಕೈಯಿಟ್ಟು. ಲೇತು ಗುಂಯ್ಯೆಂದಿತು. ಉಳಿ ಮರಕ್ಕೆ ತಾಗಿತು. ಸುರುಳಿ ಸುರುಳಿ ಹೊಟ್ಟು ಅವಳ ಮೊಣಕೈಗೆ ಸುತ್ತಿಕೊಂಡಿತು. ಅವಳ ಕಣ್ಣಮುಂದೆ ರಾಮೋನಾಳ ಕೆಂಪು ಟೋಪಿ. ರಾಮೋನಾಳ ಕಡೆಗೆ ಬಾಗಿದ ಫಾಲ್ಕ್‌ನ ತಲೆ. ಯಾಕೆ ಬಾಗಿದ? ಏನು ಹೇಳಿದ? ನನಗೆ ಹೇಳದ್ದನ್ನು ಅವಳಿಗೇಕೆ ಹೇಳಿದ?

ಉಳಿ ಜಾರಿತು. ಕಾಯಿಯ ಕುತ್ತಿಗೆಗೆ ಒಂದು ಗೀರು ಬಿತ್ತು. ಲೇತು ತಾನಾಗಿ ನಿಂತಿತು. ಆ ನಿಶ್ಶಬ್ದದಲ್ಲಿ ಯಾರೋ ಉಸಿರು ಎಳೆದುಕೊಂಡಂತೆ ಅವಳಿಗೆ ಕೇಳಿಸಿತು. ಹುಚ್ಚು, ಎಂದು ತನ್ನನ್ನೇ ಬೈದುಕೊಂಡು ಕಾಯಿಗೆ ನೀಲಿ ಬಳಿದಳು.

ಗೆಳೆಯರು ಹಿಂದಿರುಗಿದಾಗ ಫಾಲ್ಕ್‌ನ ಕುತ್ತಿಗೆಗೆ ರಾಮೋನಾಳ ಶಾಲು ಸುತ್ತಿತ್ತು.

“ಏನದು?”

“ಏನಿಲ್ಲ, ಯಾವುದೋ ಕೊಂಬೆ ಗೀರಿತು. ಕಾಣಲೇ ಇಲ್ಲ ನೋಡು.”

ಕೊಂಬೆಯಂತೆ! ಶಾಲು ತೆಗೆದು ತೋರಿಸು ಎನ್ನಲು ವೀಬ್ಕೆಯ ಅಭಿಮಾನ ಬಿಡಲಿಲ್ಲ. ತೋರಿಸು ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹೊಟ್ಟೆಕಿಚ್ಚಿನವರು ನೋಡುವುದು ತಮಗೆ ಬೇಕಾದ್ದನ್ನು ಮಾತ್ರ. ಆ ಶಾಲಿನ ಕೆಳಗಿರುವುದು ರಾಮೋನಾಳ ಹಲ್ಲಿನ ಗುರುತೆಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

ಸಂಜೆ ಹಲಗೆ ಹಾಸಿದಾಗ ಅವಳು ಗುಂಡಿಯನ್ನು ಕಿಟಕಿಯ ಕಡೆ ಎಸೆದು, ಹೊಸ ನೀಲಿ ಕಾಯಿಯನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟಳು. ರಾಳದ ಧೂಪ ಹಿಡಿದು ಕೋಣೆ ಕೋಣೆ ಸುತ್ತುತ್ತಿದ್ದ ಅಜ್ಜಿ ಅಲ್ಲೇ ನಿಂತುಬಿಟ್ಟಳು.

“ಯಾರನ್ನ ನೆನೆಸಿಕೊಂಡು ಕಡೆದೆ?”

“ಚಾಕೊಲೇಟನ್ನ.”

“ಮಗಳೇ, ಯಾರನ್ನ?”

“ಬಿಡಿ ಅಜ್ಜಿ, ಹೆದರಿಸಬೇಡಿ. ಟೀಲೋ, ನಿನ್ನ ಗರ.”

ಒಲೆಗೆ ಸೌದೆ ಸಾಲದೆಂದು ಫಾಲ್ಕ್ ಎದ್ದ. ಬುಟ್ಟಿ ಹಿಡಿಯಲು ರಾಮೋನಾಳೂ ಎದ್ದಳು. ಎದ್ದೇ ಏಳುತ್ತಾಳಲ್ಲ! ಬಾಗಿಲು ಮುಚ್ಚಿತು. ಟೀಲೋ ದಾಳ ಉರುಳಿಸಿದ. “ಐದು! ಕ್ಷಮಿಸು ತಾಯಿ,” ಎಂದು ಹಸಿರು ಕಾಯಿ ನಡೆಸಿ ಹೊಸ ನೀಲಿ ಕಾಯಿಯನ್ನು ಹೊಡೆದು ಕೆಡವಿದ.

ಹೊರಗೆ ದಡ್ಡೆಂದು ಏನೋ ಬಿತ್ತು. ರಾಮೋನಾ ಚೀರಿದಳು.

ಮಾಡಿನ ಹಿಮವೆಲ್ಲ ಒಟ್ಟಿಗೆ ಜಾರಿ ಇಬ್ಬರ ಮೇಲೂ ಬಿದ್ದಿತ್ತು. ರಾಮೋನಾ ಕುಂಟುತ್ತ ಒಳಗೆ ಬಂದಳು, ತುಟಿ ಒಡೆದಿತ್ತು, ಅಳುತ್ತಿದ್ದಳು. ಫಾಲ್ಕ್ ಪಕ್ಕೆ ಹಿಡಿದುಕೊಂಡು, “ನನಗೇನಾಗಿಲ್ಲ, ಇವಳನ್ನ ನೋಡಿ,” ಎಂದ. ವೀಬ್ಕೆ ಇವಳನ್ನೇ ನೋಡಿದಳು. ಆಮೇಲೆ ಉರುಳಿಬಿದ್ದ ಕಾಯಿಯನ್ನು ನೋಡಿದಳು. ಅವಳಿಗೆ ಹೆದರಿಕೆಯಾಯಿತು, ಅದರ ಹಿಂದೆಯೇ ಒಂದು ಬಗೆಯ ಸಂತೋಷವೂ ಬಂತು. ಅಜ್ಜಿ ಹೇಳಿದ್ದು ನಿಜ. ಈ ಮರದೊಳಗೆ ಕೂತಿರುವವಳು ರಾಮೋನಾ.

ಅವಳು ಕಾಯಿಯನ್ನು ಜೇಬಿಗಿಳಿಸಿದಳು. ಅದು ಬೆಚ್ಚಗಿತ್ತು.

ಮರುದಿನ ಮಧ್ಯಾಹ್ನ ಕುಂಟುತ್ತಿದ್ದ ರಾಮೋನಾಳನ್ನು ಫಾಲ್ಕ್ ಜಾರುಬಂಡಿಯಲ್ಲಿ ಕೂರಿಸಿ ಅವಳ ಮನೆಗೆ ಎಳೆದುಕೊಂಡು ಹೋದ. ಕಂಬಳಿ ಹೊದಿಸಿದ. ಕಾಲಿನ ಕೆಳಗೆ ದಿಂಬಿಟ್ಟ. ನನಗೆ ಯಾವತ್ತಾದರೂ ಇಟ್ಟಿದ್ದನೇ? ಅವರು ತಿರುವಿನಲ್ಲಿ ಮರೆಯಾಗುವವರೆಗೂ ಕಾದು ವೀಬ್ಕೆ ಕಾರ್ಖಾನೆಯ ಹಿಂದಕ್ಕೆ ಹೋದಳು. ಮೊಣಕಾಲುದ್ದದ ಹಿಮ. ಕಾಯಿಯನ್ನು ಅದರೊಳಗೆ ತೋಳು ಮುಳುಗುವಷ್ಟು ಆಳಕ್ಕೆ ಒತ್ತಿ, “ಬಿದ್ದಿರು ಇಲ್ಲೇ,” ಎಂದು ಮೇಲೆ ತುಳಿದಳು.

ಗಾಳಿ ಎದ್ದಿತು. ಹಿಮ ಸುರಿಯತೊಡಗಿತು. ಅವಳ ಹೆಜ್ಜೆಗಳೂ ಮುಚ್ಚಿಹೋದವು.

ದೀಪ ಹಚ್ಚುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ತೆರೆದರೆ ರಾಮೋನಾ. ಕೋಲೂರಿಕೊಂಡು ನಿಂತಿದ್ದಾಳೆ, ಕೆನ್ನೆ ಕೆಂಪಗಿದೆ, ಉಸಿರು ಹೊಗೆಯಾಡುತ್ತಿದೆ. ಜೀವಂತ.

“ಫಾಲ್ಕ್ ಬಂದನಾ? ಕೈಗವಸು ಬಿಟ್ಟು ಹೋಗಿದ್ದ, ಫೋನೂ ಎತ್ತಲಿಲ್ಲ.”

“ನಿನ್ನ ಹತ್ತಿರ ಇಲ್ಲವಾ?”

“ಆಗಲೇ ಹೊರಟನಲ್ಲೇ! ಹಬ್ಬ ಕಳೆದ ಕೂಡಲೇ ನಿನಗೆ ಹೊಸ ನೀಲಿ ಕಾಯಿ ಕಡೆದುಕೊಡಬೇಕು, ಒಳ್ಳೇ ಮರದ ತುಂಡು ಆರಿಸು ಅಂತ ನನ್ನ ತಲೆ ತಿಂದು, ಆರಿಸಿಕೊಂಡು ಹೋದ. ಕಾಡಿನಲ್ಲೂ ಅದೇ ಮಾತು. ನಿನಗೆ ಹೇಳಬೇಡ ಅಂದಿದ್ದ ಕಣೆ.”

ವೀಬ್ಕೆ ಒಂದೊಂದನ್ನೇ ನೆನಪಿಗೆ ತಂದುಕೊಂಡಳು. ಕುತ್ತಿಗೆಯ ಗೀರು. ಪಕ್ಕೆ ಹಿಡಿದ ಕೈ. ಲೇತು ಗುಂಯ್ಗುಡುವಾಗ ಮನಸ್ಸಲ್ಲಿ ತುಂಬಿದ್ದು ಯಾರು? ಏನು ಹೇಳಿದ? ಯಾಕೆ ಬಾಗಿದ? ಎಲ್ಲ ಅವನೇ. ಮೊದಲಿಂದ ಕೊನೆಯವರೆಗೂ ಅವನೊಬ್ಬನೇ.

ಅಷ್ಟರಲ್ಲಿ ಟೀಲೋ ಅವನನ್ನು ಹೊತ್ತು ತಂದ. ದಾರಿಯ ಪಕ್ಕ ಹಿಮದಲ್ಲಿ ಬಿದ್ದಿದ್ದನಂತೆ. ತುಟಿ ನೀಲಿ, ರೆಪ್ಪೆಗೆ ಮಂಜುಗಡ್ಡೆ. ಡಾಕ್ಟರ ಗಾಡಿ ಹಿಮದಲ್ಲಿ ಬರುವಂತಿರಲಿಲ್ಲ. ಒಲೆಯ ಮುಂದೆ ಮಲಗಿಸಿ ತಿಕ್ಕಿದರೂ ಮೈ ಕಾಯಲಿಲ್ಲ.

ಅಜ್ಜಿ ವೀಬ್ಕೆಯ ರಟ್ಟೆ ಹಿಡಿದಳು. “ಕಾಯಿ ಎಲ್ಲಿ?”

“ಹಿಮದಲ್ಲಿ.”

“ತಗೊಂಡು ಬಾ. ಅದನ್ನ ಹಲಗೆ ಮೇಲೆ ನಡೆಸಿ ಹಣ್ಣು ಮಾಡಬೇಕು. ಹಣ್ಣಾದರೆ ಅವನು ಬಿಡುಗಡೆ. ನಿನ್ನ ಕೈಯಿಂದ ಆಗೋದಿಲ್ಲ, ಹೊಟ್ಟೆಕಿಚ್ಚಿನ ಕೈಗೆ ಆ ಗರ ಬೀಳೋದಿಲ್ಲ. ರಾಮೋನಾ ನಡೆಸ್ತಾಳೆ.”

“ಬಿಡುಗಡೆ ಆದಮೇಲೆ?”

“ಆಮೇಲೆ ಅವನಿಷ್ಟ. ಇರ್ತಾನೋ, ಹೋಗ್ತಾನೋ.”

ವೀಬ್ಕೆ, ರಾಮೋನಾ ಇಬ್ಬರೂ ಹೊರಗೋಡಿದರು. ಕತ್ತಲೆ. ಗಾಳಿ. ಹಿಮ ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿದೆ. ಇಲ್ಲಿಯೇ? ಅಲ್ಲಿಯೇ? ಎಲ್ಲ ಒಂದೇ ಬಿಳಿ. ವೀಬ್ಕೆ ಅಗೆದಳು. ಬರಿಗೈಲಿ ಅಗೆದಳು. ಉಗುರು ಮುರಿಯಿತು. ಪಕ್ಕದಲ್ಲಿ ರಾಮೋನಾ ಮಂಡಿಯೂರಿ ಅಗೆಯುತ್ತಿದ್ದಳು, ಫಾಲ್ಕ್, ಫಾಲ್ಕ್ ಎಂದು ಬಿಕ್ಕುತ್ತಿದ್ದಳು. ಹೇಗೆ ಬಿಕ್ಕುತ್ತಿದ್ದಾಳೆ ನೋಡು! ನನ್ನ ಗುಟ್ಟನ್ನು ನನಗೆ ಹೇಳದೆ ಇವಳಿಗೆ ಹೇಳಿದನಲ್ಲ. ಈಗ ಇವಳೇ ಅವನನ್ನು ನಡೆಸಬೇಕಂತೆ. ಇವಳೇ ಬಿಡಿಸಬೇಕಂತೆ.

ಬೆರಳಿಗೆ ಏನೋ ತಾಗಿತು. ಚಿಕ್ಕದು. ಗಟ್ಟಿ. ಕುತ್ತಿಗೆಯಲ್ಲಿ ಗೀರು.

ಅವಳ ಮುಷ್ಟಿ ಮುಚ್ಚಿಕೊಂಡಿತು.

“ಸಿಕ್ತಾ?” ರಾಮೋನಾ ಕೂಗಿದಳು. ಅವಳ ಬೆರಳುಗಳಿಂದ ರಕ್ತ ಸೋರುತ್ತಿತ್ತು. “ವೀಬ್ಕೆ, ಸಿಕ್ತೇನೆ?”

“ಇಲ್ಲ,” ಎಂದಳು ವೀಬ್ಕೆ.

ಕಾಯಿಯನ್ನು ಅಂಗಿಯೊಳಗೆ, ಬರಿ ಮೈಗೆ ತಾಗುವಂತೆ ಇಳಿಸಿದಳು. ಒಳಗೆ ಟೀಲೋ ಹುಚ್ಚನಂತೆ ಕಿರುಚಿದ: “ಕಣ್ಣು ಬಿಟ್ಟ! ಕಣ್ಣು ಬಿಟ್ಟ!” ರಾಮೋನಾ ಕೋಲು ಬಿಸಾಕಿ ಒಳಗೆ ಫಾಲ್ಕ್‌ನ ಬಳಿಗೆ ತೆವಳಿದಳು. ಫಾಲ್ಕ್ ಅವಳ ಕಡೆ ತಿರುಗಲಿಲ್ಲ. ಅಜ್ಜಿಯ ಕಡೆಗೂ ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ವೀಬ್ಕೆಯೊಬ್ಬಳನ್ನೇ ನೋಡಿದ. ಅಜ್ಜಿಯೂ ಅವಳನ್ನೇ ನೋಡಿದಳು, ಅವಳ ಎದೆಯ ಬಳಿ ಒತ್ತಿಕೊಂಡಿದ್ದ ಕೈಯನ್ನು. ಕೊಡು ಎಂದು ಕೈ ಚಾಚಿದಳು. ಕಾಯಿ ಸಿಗಲೇ ಇಲ್ಲ ಅಜ್ಜಿ, ತಾನಾಗಿ ಗುಣವಾದ, ಎಂದಳು ವೀಬ್ಕೆ.

ಈಗ ಅವರಿಬ್ಬರೂ ಬ್ರೇಮನ್ನಿನಲ್ಲಿದ್ದಾರೆ. ಫಾಲ್ಕ್ ಮತ್ತೆ ನಮ್ಮೂರಿಗೆ ಬರಲಿಲ್ಲ, ಲೇತು ಮುಟ್ಟಲಿಲ್ಲ. ಅವಳು ಕೂರು ಅಂದಲ್ಲಿ ಕೂರುತ್ತಾನೆ. ಊಟ ಇಟ್ಟರೆ ಉಣ್ಣುತ್ತಾನೆ. ಬೇರೆ ಹೆಂಗಸಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನಗುವುದಿಲ್ಲ, ಗುಟ್ಟು ಹೇಳುವುದಿಲ್ಲ, ಹೇಳಲು ಒಳಗೆ ಏನೂ ಉಳಿದಿಲ್ಲ. ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತ ಕೂತಿರುತ್ತಾನೆ.

ಅವಳೂ ಒಂದು ಹಲಗೆ ಕೊಂಡುತಂದಿದ್ದಾಳೆ. ಮಧ್ಯಾಹ್ನಗಳಲ್ಲಿ ಬಾಗಿಲು ಹಾಕಿ ಒಬ್ಬಳೇ ಆ ಕಾಯಿ ನಡೆಸುತ್ತಾಳೆ. ಕಾಯಿ ಮನೆಯ ಹೊಸ್ತಿಲವರೆಗೂ ಬರುತ್ತದೆ. ಒಂದೇ ಒಂದು ಬೇಕು. ದಾಳ ಎರಡು ಕೊಡುತ್ತದೆ, ನಾಲ್ಕು ಕೊಡುತ್ತದೆ, ಆರು ಕೊಡುತ್ತದೆ. ಒಂದನ್ನು ಕೊಡುವುದಿಲ್ಲ. ರಾಮೋನಾಗೆ ಫೋನ್ ಮಾಡಿದರೆ ನಾಳೆಯೇ ರೈಲು ಹತ್ತಿ ಬರುತ್ತಾಳೆ, ಅದು ವೀಬ್ಕೆಗೂ ಗೊತ್ತು. ಫೋನು ಪಕ್ಕದಲ್ಲೇ ಇದೆ.

ಎದುರಿನ ಕುರ್ಚಿಯಿಂದ ಫಾಲ್ಕ್ ನೋಡುತ್ತಿದ್ದಾನೆ. ಆ ನೋಟ ತಾಳಲಾರದೆ ಅವಳು ಕಾಯಿಯನ್ನು ಬೆರಳಲ್ಲಿ ತಿರುಗಿಸಿ, ಕುತ್ತಿಗೆಯ ಗೀರು ಗೋಡೆಯ ಕಡೆ ಬರುವಂತೆ ಇಡುತ್ತಾಳೆ. ಫಾಲ್ಕ್ ಕುರ್ಚಿಯ ಮೇಲೆ ನಿಧಾನವಾಗಿ ತಿರುಗಿ ಗೋಡೆ ನೋಡುತ್ತಾನೆ. ವೀಬ್ಕೆ ದಾಳವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾಳೆ.