ಬೆಂಚು ವಾಪಸ್ ಬೇಕು

ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಕತ್ತರಿ ಪಾರ್ಕಿನ ಗೇಟು ದಾಟಿದಳು. ಅವಳು ದಿನಾ ಕೂರುವ ಬೆಂಚಿನ ಬೋಲ್ಟುಗಳನ್ನು ರಿಪೇರಿಯವನು ಒಂದೊಂದಾಗಿ ಬಿಚ್ಚುತ್ತಿದ್ದ.

ಕತ್ತರಿ ಎಂಬುದು ಬಡಾವಣೆಯವರು ಅವಳಿಗಿಟ್ಟ ಅಡ್ಡಹೆಸರು. ಮೂಲೆಯ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಾಳೆ ಎಂಬುದು ಒಂದು ಕಾರಣ. ಅವಳ ಬಾಯಿ ಇನ್ನೊಂದು. ಮೂವತ್ತಾರರ ಹೆಣ್ಣು, ಸರಿಹೋಗದ ಮದುವೆಯೊಂದನ್ನು ಬಿಟ್ಟು ಬಂದು ಅಣ್ಣನ ಮನೆಯ ಮಹಡಿ ಕೋಣೆಯಲ್ಲಿದ್ದಳು. ಬೋಲ್ಟು ಬಿಚ್ಚುತ್ತಿದ್ದವನು ನಗರಸಭೆಯ ರಿಪೇರಿ ವಿಭಾಗದವನು. ಬೀದಿದೀಪ, ನಲ್ಲಿ, ಜಾರುಬಂಡೆ, ಏನು ಕೆಟ್ಟರೂ ಅವನೇ ಬರಬೇಕು. ಒಂದು ವರ್ಷದಿಂದ ಇಬ್ಬರೂ ಈ ಬೆಂಚಿನ ಎರಡು ತುದಿಗಳಲ್ಲಿ ಕೂತು ಊಟ ಮಾಡುತ್ತಿದ್ದರು. ನಡುವಿನ ಜಾಗ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತ ಬಂದು, ಕಳೆದ ವಾರ ಒಂದು ಡಬ್ಬಿ ಇಡುವಷ್ಟೇ ಉಳಿದಿತ್ತು. ಪ್ರೀತಿ ಎಂಬ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ.

"ಏನಿದು?" ಎಂದಳು.

"ಆರ್ಡರ್ ಬಂದಿದೆ." ಅವನು ತಲೆ ಎತ್ತಲಿಲ್ಲ. "ಯಾರೋ ದೂರು ಕೊಟ್ಟಿದ್ದಾರೆ. ಇಲ್ಲಿ ಜೋಡಿ ಕೂರುತ್ತೆ, ನೋಡೋಕೆ ಚೆನ್ನಾಗಿರಲ್ಲ ಅಂತ."

"ಜೋಡಿ ಅಂದ್ರೆ ನಾವೇ ತಾನೇ?"

ಅವನ ಕಿವಿ ಕೆಂಪಾಯಿತು. ಬೇರೆ ದಿನವಾಗಿದ್ದರೆ ಆ ಕೆಂಪನ್ನು ನೋಡುತ್ತ ಅವಳು ಊಟವನ್ನೇ ಮರೆಯುತ್ತಿದ್ದಳು.

"ನನಗೆ ಒಂದು ಮಾತು ಹೇಳಬಹುದಿತ್ತು."

"ನಿಮ್ಮ ಹೆಸರು ಕೆಡಬಾರದು ಅಂತ ಸುಮ್ಮನಾದೆ."

"ನನ್ನ ಹೆಸರು ಕಾಯೋಕೆ ನಗರಸಭೆ ನಿಮಗೆ ಸಂಬಳ ಕೊಡುತ್ತಾ?"

ಅವನು ಸ್ಪ್ಯಾನರನ್ನು ಮುಂದಿನ ಬೋಲ್ಟಿಗೆ ಹಚ್ಚಿದ. ಗಂಡಸರಿಗೆ ಇದೊಂದು ರೋಗ. ಬಾಯಿ ಬಿಡಬೇಕಾದ ಹೊತ್ತಿಗೆ ದೊಡ್ಡ ಮನಸ್ಸು ಮಾಡಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಅವಳು ಊಟ ಮಾಡದೆ ನೇರ ನಗರಸಭೆ ಕಚೇರಿಗೆ ನಡೆದಳು.

ಕೌಂಟರಿನಾಕೆ ಕನ್ನಡಕ ಏರಿಸಿ ಫೈಲು ತಿರುಗಿಸಿ ತೋರಿಸಿದಳು. ದೂರಿನ ಕೆಳಗಿದ್ದ ಸಹಿ ಕತ್ತರಿಗೆ ಚಿಕ್ಕಂದಿನಿಂದ ಗೊತ್ತು. ಅವಳ ಶಾಲೆಯ ಅಂಕಪಟ್ಟಿಗೆಲ್ಲ ಅದೇ ಸಹಿ ಬೀಳುತ್ತಿತ್ತು. ಅವಳ ಸ್ವಂತ ಅಣ್ಣ, ನಿವಾಸಿಗಳ ಸಂಘದ ಕಾರ್ಯದರ್ಶಿ.

"ವಾಪಸ್ ಹಾಕಿಸೋಕೆ ದಾರಿ ಇದೆ," ಎಂದಳು ಕೌಂಟರಿನಾಕೆ. "ಈ ಫಾರ್ಮ್ ತುಂಬಿ. ವಾರ್ಡ್ ಸಭೆಯಲ್ಲಿ ಎಲ್ಲರ ಮುಂದೆ ಓದ್ತಾರೆ. ಅಲ್ಲೇ ನಿಮ್ಮದೂ ಸೇರಿ ಮೂರು ಜನ ನಿವಾಸಿಗಳ ಸಹಿ ಬೇಕು. ಕಾರಣದ ಕಡೆ 'ಹಿರಿಯ ನಾಗರಿಕರಿಗೆ' ಅಂತ ಟಿಕ್ ಮಾಡಿ, ಯಾರೂ ತಕರಾರು ತೆಗೆಯಲ್ಲ."

"ನಾನೇನು ಹಿರಿಯ ನಾಗರಿಕಳ ಥರ ಕಾಣ್ತೀನಾ?"

"ಅಯ್ಯೋ, ಕೆಲಸ ಆಗಲಿ ಅಂತ ಹೇಳಿದೆ ಕಣಮ್ಮ."

"ಸುಳ್ಳು ಹೇಳಿ ತಂದ ಬೆಂಚಿನ ಮೇಲೆ ನಾನು ಕೂರಲ್ಲ." ಅವಳು 'ಇತರೆ' ಎಂಬ ಚೌಕಕ್ಕೆ ಟಿಕ್ ಹಾಕಿ, ಕೆಳಗೆ ಎರಡು ಸಾಲು ಬರೆದಳು. ಓದಿದ ಕೌಂಟರಿನಾಕೆ ಸೀಲು ಹೊಡೆಯುವುದನ್ನೇ ಮರೆತಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಆ ಅರ್ಜಿ ವಾಪಸ್ ತಗೋ. ಇಲ್ಲಾಂದ್ರೆ ಸಭೆ ಮುಗಿದ ಮೇಲೆ ಈ ಮನೆ ಮೆಟ್ಟಿಲು ಹತ್ತಬೇಡ."

"ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ನಗರಸಭೆಗೆ ಯಾಕೆ ಬರೆದೆ?"

"ಜನ ಆಡಿಕೊಳ್ತಿದ್ದಾರೆ."

"ಆಡಿಕೊಳ್ಳಲಿ. ಅವರ ನಾಲಿಗೆ, ಅವರ ಸಮಯ."

ಅತ್ತಿಗೆ ಬಟ್ಟೆ ಮಡಚುತ್ತ ಕೂತಿದ್ದಳು. ಹದಿನೆಂಟು ವರ್ಷದಲ್ಲಿ ಆಕೆ ಗಂಡನ ಮಾತಿಗೆ ಎದುರಾಡಿದ್ದನ್ನು ಯಾರೂ ಕಂಡಿರಲಿಲ್ಲ. ಅಂದೂ ಆಡಲಿಲ್ಲ. ಕತ್ತರಿ ಕೋಣೆಗೆ ಹೋಗಿ ಸೂಟ್‌ಕೇಸ್ ಇಳಿಸಿದಳು. ಭಯವಾಯಿತು, ಸುಳ್ಳೇಕೆ? ಇನ್ನೊಮ್ಮೆ ಮನೆ ಕಳೆದುಕೊಳ್ಳುವ ವಯಸ್ಸಲ್ಲ ಅದು. ಆದರೂ ಎರಡು ಸೀರೆ ಮಡಚಿ ಒಳಗಿಟ್ಟಳು.

ಶನಿವಾರ ಬೆಳಗ್ಗೆ ನಗರಸಭೆಯ ಸಭಾಂಗಣದಲ್ಲಿ ವಾರ್ಡ್ ಸಭೆ. ನೀರಿನ ಒತ್ತಡ, ಕಸದ ಗಾಡಿಯ ಸಮಯ, ಬೀದಿನಾಯಿ ಎಲ್ಲ ಮುಗಿದ ಮೇಲೆ ವಾರ್ಡ್ ಅಧಿಕಾರಿ ಅವಳ ಅರ್ಜಿ ಎತ್ತಿಕೊಂಡರು. "ಕಾರಣ, ಇತರೆ," ಎಂದು ಶುರುಮಾಡಿ, ಕೆಮ್ಮಿ, ನೀರು ಕುಡಿದು ಮುಂದುವರಿಸಿದರು. "ಮಧ್ಯಾಹ್ನ ಒಂದೂವರೆಗೆ ನಾನು ಒಬ್ಬರ ಪಕ್ಕ ಕೂರಬೇಕು. ಅವರು ನನಗೆ ಇಷ್ಟ."

ಮುಂದಿನ ಸಾಲಿನ ಅಣ್ಣ ನೆಲ ನೋಡುತ್ತಿದ್ದ. ಕತ್ತರಿ ಹೋಗಿ ಮೊದಲ ಸಹಿ ಹಾಕಿ, ಮೇಜಿನ ಪಕ್ಕವೇ ನಿಂತಳು. ಯಾರೂ ಏಳಲಿಲ್ಲ. ಅವಳ ಹತ್ತಿರ ರವಿಕೆ ಹೊಲಿಸಿಕೊಂಡವರೆಲ್ಲ ಇದ್ದಕ್ಕಿದ್ದಂತೆ ಫೋನು ನೋಡತೊಡಗಿದ್ದರು.

ಹಿಂದಿನ ಬಾಗಿಲ ಹತ್ತಿರ ಕುರ್ಚಿಯೊಂದು ಕಿರುಗುಟ್ಟಿತು. ರಿಪೇರಿಯವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅವನನ್ನು ಸಮವಸ್ತ್ರವಿಲ್ಲದೆ ಅವಳು ಕಂಡದ್ದು ಅದೇ ಮೊದಲು.

"ನೀವು ನಮ್ಮ ಸಿಬ್ಬಂದಿ ಅಲ್ವಾ?" ಅಧಿಕಾರಿ ಹುಬ್ಬೇರಿಸಿದರು. "ನಗರಸಭೆ ಆದೇಶದ ವಿರುದ್ಧ ಸಹಿ ಹಾಕ್ತೀರಾ? ಯೋಚನೆ ಮಾಡಿ."

"ರಜೆ ಹಾಕಿ ಬಂದಿದ್ದೀನಿ ಸರ್. ಇವತ್ತು ನಾನು ಈ ವಾರ್ಡಿನ ನಿವಾಸಿ." ಅವನು ಸಹಿ ಹಾಕಿ ಅವಳತ್ತ ತಿರುಗಿದ. "ಆ ಒಬ್ಬರು ನಾನೇ. ನನಗೂ ಇವರು ಇಷ್ಟ. ಮೊದಲೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಮೈಕ್ ಹತ್ತಿರ ಬಂದು ಹೇಳಿ, ಹಿಂದಿನವರಿಗೆ ಕೇಳಿಸಿಲ್ಲ," ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಮೂರನೇ ಸಹಿ?" ಅಧಿಕಾರಿ ಗಡಿಯಾರ ನೋಡಿಕೊಂಡರು. "ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತೆ."

ಅಣ್ಣನ ಪಕ್ಕದಿಂದ ಅತ್ತಿಗೆ ಎದ್ದಳು. ಗಂಡ ಸೆರಗು ಹಿಡಿದ. ಆಕೆ ಮೆಲ್ಲಗೆ ಬಿಡಿಸಿಕೊಂಡಳು. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಮದುವೆ ಆಗಿ ಇಷ್ಟು ವರ್ಷ ಆಯ್ತು, ಈ ಮನುಷ್ಯನ ಜೊತೆ ಒಂದು ದಿನ ಪಾರ್ಕಿನಲ್ಲಿ ಕೂತಿಲ್ಲ. ಬೆಂಚು ಬಂದ ಮೇಲೆ ನಮಗೂ ಒಂದು ಸಂಜೆ ಬಿಟ್ಟುಕೊಡಿ."

ಅರ್ಜಿ ಪಾಸಾಯಿತು. ಬೆಂಚು ಬರಲು ಮೂರು ವಾರ ಬೇಕು ಎಂದರು. ಅಲ್ಲಿಯವರೆಗೆ ಕಾಯುವ ತಾಳ್ಮೆ ಕತ್ತರಿಗಿರಲಿಲ್ಲ. ನಗರಸಭೆಯ ಮುಂಬಾಗಿಲ ಮೆಟ್ಟಿಲ ಮೇಲೆ, ನಡುಹಗಲಲ್ಲಿ, ಅವನ ಪಕ್ಕ ಕೂತಳು. ಹೊರಬಂದವರೆಲ್ಲ ಇಬ್ಬರನ್ನೂ ಸುತ್ತುಬಳಸಿ ಇಳಿಯಬೇಕಾಯಿತು.

ಅಣ್ಣ ಬಂದು ಎದುರಿಗೆ ನಿಂತ. ರಿಪೇರಿಯವನು ಏಳಹೋದ. ಅವಳು ಅವನ ಕೈ ಒತ್ತಿ ಹಿಡಿದು, "ಕೂತ್ಕೊಳ್ಳಿ," ಎಂದಳು. ಆಮೇಲೆ ಅಣ್ಣನಿಗೆ, "ಮನೆಗೆ ಬಂದರೆ ಇವರ ಜೊತೆ ಬರ್ತೀನಿ. ಇಲ್ಲ ಅಂದ್ರೆ ಸೂಟ್‌ಕೇಸ್ ತುಂಬಿಟ್ಟಿದ್ದೀನಿ."

ಅಣ್ಣ ಹೆಂಡತಿಯ ಮುಖ ನೋಡಿದ. ಆಕೆ ಅವನಿಗೆ ಸಹಾಯ ಮಾಡಲಿಲ್ಲ. ಬಹಳ ಹೊತ್ತು ಚಪ್ಪಲಿಯಿಂದ ಮೆಟ್ಟಿಲು ಕೆರೆದು, ಕೊನೆಗೆ ತಂಗಿಯನ್ನು ಬಿಟ್ಟು ರಿಪೇರಿಯವನನ್ನು ಕೇಳಿದ.

"ನೀವು ಊಟಕ್ಕೆ ಖಾರ ತಿಂತೀರಾ?"

"ಒಂದು ವರ್ಷದಿಂದ ನಿಮ್ಮ ತಂಗಿ ಹತ್ತಿರ ಮಾತಾಡ್ತಿದ್ದೀನಿ," ಎಂದ ರಿಪೇರಿಯವನು. "ಇನ್ನು ಯಾವ ಖಾರಕ್ಕೂ ಹೆದರಲ್ಲ."