ಎರಡನೇ ಹುಕ್ಕು

"ಇದು ನಿಮ್ಮ ಕೈಲಾಗೋ ಕೆಲ್ಸ ಅಲ್ಲ, ಬಿಡಿ ಮೇಡಂ."

ಅವನು ಹೇಳಿದ್ದು ತೆಲುಗಿನಲ್ಲಿ. ಆದರೆ ಭಾರ್ಗವಿಗೆ ಮೈ ಉರಿದದ್ದು ಅಪ್ಪಟ ಕನ್ನಡದಲ್ಲಿ!

"ಮುಟ್ಟಿ ನೋಡಕ್ ಮುಂಚೇನೇ ಆಗಲ್ಲ ಅಂತಾನಲ್ಲ... ಯಾವ ಸೀಮೆ ಮನುಷ್ಯ ಇವ್ನು!" ಎಂದು ಹಲ್ಲು ಕಚ್ಚಿ ಗೊಣಗಿದಳು.

"ಕಲ್ಯಾಣದುರ್ಗದ ಸೀಮೆಯೋನು ಕಣಮ್ಮ. ನಮ್ಮನೇಲೂ ಕನ್ನಡಾನೇ," ಎಂದ ಅವನು, ತಲೆ ಎತ್ತದೆ.

ಅಯ್ಯೋ, ಕೇಳಿಸಿಬಿಟ್ಟಿತೇ! ಕೇಳಿಸಲಿ ಬಿಡು. ಸುಳ್ಳೇನೂ ಹೇಳಲಿಲ್ಲವಲ್ಲ!

ಅದು 2008ರ ಮಾರ್ಚ್. ಗಡಿಯಾಚೆಯ ಹಿಂದೂಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ನಡೆದಿತ್ತು. ಕಲ್ಯಾಣದುರ್ಗದ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಗೆ ಮೂವರು ಟ್ರೈನಿ ಇಂಜಿನಿಯರುಗಳು ಬೇಕಾಗಿದ್ದರು. ಆ ಗಾಳಿಯಂತ್ರಗಳಿಗೆ ಊರಿನವರ ಬಾಯಲ್ಲಿ 'ಫ್ಯಾನು' ಎಂದೇ ಹೆಸರು. ಫ್ಯಾನಿನ ಕಂಬ ಹತ್ತಿ ರಿಪೇರಿ ಮಾಡುವ ಕೆಲಸವದು. ಯಾರಿಗೆ ಆ ಕೈ ಇದೆ ಎಂದು ನೋಡಲು ಕಂಪನಿ ಕಳಿಸಿದ್ದು ಓಬುಳೇಶನನ್ನು. ವಯಸ್ಸು ಇಪ್ಪತ್ತೆಂಟು, ಅದರಲ್ಲಿ ಒಂಬತ್ತು ವರ್ಷ ಕಂಬದ ಮೇಲೆಯೇ ಕಳೆದವನು.

ಭಾರ್ಗವಿ ಎಲೆಕ್ಟ್ರಿಕಲ್ ಕೊನೆಯ ವರ್ಷದವಳು. ದಿನವೂ ಲೇಪಾಕ್ಷಿಯಿಂದ ಬಸ್ಸಿನಲ್ಲಿ ಬಂದು ಓದಿದವಳು. ಅಪ್ಪ ಮುತ್ಯಾಲಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ತಾಮ್ರದ ತಂತಿ ಸುತ್ತುತ್ತಲೇ ಬೆಳೆದ ಕೈ ಅವಳದು. ಕಾಲೇಜಿನಲ್ಲಿ ಮಾತ್ರ ನಾಲ್ಕು ವರ್ಷ ಗಾಳಿಯಂತ್ರದ ಚಿತ್ರ ಬರೆದದ್ದೇ ಬರೆದದ್ದು! ಲ್ಯಾಬಿನ ಜನರೇಟರ್ ಮೇಲೆ ಹೊದಿಸಿದ್ದ ಬಟ್ಟೆ ಇನ್‌ಸ್ಪೆಕ್ಷನ್ ದಿನ ಬಿಟ್ಟರೆ ಸರಿಯುತ್ತಲೇ ಇರಲಿಲ್ಲ.

ಆ ಫ್ಯಾನು ಹತ್ತಬೇಕು. ಅದರೊಳಗಿನ ಜನರೇಟರನ್ನು ಕೈಯಾರೆ ಬಿಚ್ಚಿ ನೋಡಬೇಕು. ಅವಳಿಗೆ ಬೇಕಾದದ್ದು ಈ ಒಂದು ಕೆಲಸ, ಬೇರೆ ಯಾವುದೂ ಅಲ್ಲ.

ಆದರೆ ಓಬುಳೇಶ ಮಾಡಿದ್ದೇನು? ಹುಡುಗರ ಕೈಗೆ ಸ್ಪಾನರ್ ಕೊಟ್ಟ, ಸೊಂಟಕ್ಕೆ ಸೇಫ್ಟಿ ಬೆಲ್ಟ್ ಕಟ್ಟಿಸಿ ಕಾಲೇಜಿನ ನೀರಿನ ಟ್ಯಾಂಕಿನ ಏಣಿ ಹತ್ತಿಸಿದ. ಭಾರ್ಗವಿಯ ಸರದಿ ಬಂದಾಗ, "ಬ್ಲೇಡ್ ಎಷ್ಟು ಉದ್ದ? ಕರೆಂಟ್ ಹೆಂಗೆ ಹುಟ್ಟುತ್ತೆ?" ಎಂದು ಬಾಯಿಪಾಠ ಒಪ್ಪಿಸಿಕೊಂಡ. ಎಲ್ಲಕ್ಕೂ ಅವಳು ಪಟಪಟನೆ ಉತ್ತರ ಕೊಟ್ಟಳು. "ನಾನೂ ಹತ್ತಿ ತೋರಿಸ್ತೀನಿ" ಎಂದಾಗ ಬಂದದ್ದೇ ಆ ಮಾತು.

"ಆಫೀಸ್ ಕೆಲ್ಸ ಇದ್ರೆ ಹೇಳ್ತೀನಿ," ಎಂದು ಸೇರಿಸಿದ. ಪಕ್ಕದಲ್ಲಿದ್ದ ಪ್ಲೇಸ್‌ಮೆಂಟ್ ಮೇಷ್ಟ್ರು ಲಕ್ಷ್ಮಣಪ್ಪನವರು ಹೌದು ಹೌದು ಎಂದು ತಲೆಯಾಡಿಸಿದರು.

ಹೇಳಿ, ನೀವಾಗಿದ್ದರೆ ಸುಮ್ಮನೆ ಹೋಗಿ ಕೂರುತ್ತಿದ್ದಿರಾ?

ಭಾರ್ಗವಿ ಕೂರಲಿಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದಳು, ನೇರ ಟ್ಯಾಂಕಿನ ಬುಡಕ್ಕೆ ನಡೆದಳು. ಯಾರಾದರೂ ತಡೆಯುವಷ್ಟರಲ್ಲಿ ಹತ್ತು ಮೆಟ್ಟಿಲು... ಇಪ್ಪತ್ತು... ಅರವತ್ತಡಿ ಎತ್ತರದ ತುದಿ!

ಇಡೀ ಕಾಲೇಜು ಶಿಳ್ಳೆ ಹೊಡೆಯಿತು. ಚಪ್ಪಾಳೆ ತಟ್ಟದವನು ಒಬ್ಬನೇ. ಓಬುಳೇಶ ಟ್ಯಾಂಕಿನ ಕೆಳಗೆ ಎರಡೂ ಕೈ ಚಾಚಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಇಳೀರಿ... ನಿಧಾನಕ್ಕೆ... ಒಂದೊಂದೇ ಮೆಟ್ಲು..." ಅವನ ದನಿ ನಡುಗುತ್ತಿತ್ತು.

ಇಳಿದು ಬಂದವಳು ಎದೆ ಸೆಟೆಸಿ ಕೇಳಿದಳು. "ಈಗೇನಂತೀರಿ?"

ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದ. ಕೈಯಲ್ಲಿದ್ದ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದ, ಒಂದಲ್ಲ, ಎರಡು! ಹಿಂದೆ ತಿರುಗಿ ನೋಡದೆ ಹೊರಟೇ ಹೋದ.

'ಹೆಣ್ಣು ಗೆದ್ದುಬಿಟ್ಟಳು ಅಂತ ಹೊಟ್ಟೆಯುರಿ!' ಲೇಪಾಕ್ಷಿಯ ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತಳು ಭಾರ್ಗವಿ. ಆದರೂ ಆ ನಡುಗುವ ದನಿ ಯಾಕೋ ಕಿವಿಯಿಂದ ಹೋಗಲೇ ಇಲ್ಲ...

ವಾರದ ನಂತರ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ಇಬ್ಬರು ಹುಡುಗರ ಹೆಸರಿತ್ತು. ಮೂರನೇ ಜಾಗ ಖಾಲಿ.

ಖಾಲಿ! ಖಾಲಿ ಬಿಟ್ಟರೂ ಸರಿ, ತನಗೆ ಕೊಡುವುದಿಲ್ಲ!

ಮರುದಿನವೇ ಬಸ್ಸು ಹತ್ತಿದಳು. ಪೆನುಕೊಂಡ, ರೊದ್ದಂ ದಾಟಿ ಕಲ್ಯಾಣದುರ್ಗ ತಲುಪುವ ಹೊತ್ತಿಗೆ ಮಧ್ಯಾಹ್ನ. ಅಲ್ಲಿದ್ದ ದೊಡ್ಡಮ್ಮ ರಾಮಾಂಜಿನಮ್ಮನ ಮನೆಯಲ್ಲಿ ಬ್ಯಾಗು ಇಟ್ಟವಳೇ ಆಟೋ ಹಿಡಿದು ಗುಡ್ಡದ ಸೈಟ್ ಆಫೀಸಿಗೆ ನುಗ್ಗಿದಳು.

"ಯಾಕ್ ಹೊಡೆದ್ ಹಾಕಿದ್ರಿ ನನ್ ಹೆಸ್ರನ್ನ? ಹೆಣ್ಣು ಅಂತಾನಾ?"

ಟೀ ಕುಡಿಯುತ್ತಿದ್ದ ಓಬುಳೇಶ ಲೋಟ ಕೆಳಗಿಟ್ಟ. "ಅಲ್ಲ."

"ಮತ್ತೆ?"

ಅವನು ಗೋಡೆಯತ್ತ ಕೈ ತೋರಿಸಿದ. ಅಲ್ಲೊಂದು ಹಳೆಯ ಬೆಲ್ಟ್ ಮೊಳೆಗೆ ನೇತಾಡುತ್ತಿತ್ತು.

"ಅದು ದಾಸಣ್ಣಂದು. ನಂಗೆ ಕೆಲ್ಸ ಕಲಿಸಿದೋನು. 'ಐದು ನಿಮಿಷದ ಕೆಲ್ಸಕ್ಕೆ ಬೆಲ್ಟ್ ಯಾಕ್ಲಾ' ಅಂದು ಒಂದಿನ ಹಂಗೇ ಹತ್ತಿಬುಟ್ಟ. ಕೆಳಗೆ ನಾನೇ ನಿಂತಿದ್ದೆ ಕಣಮ್ಮ, ನನ್ ಮುಂದೇನೇ ಬಿದ್ದು ಸತ್ತ." ಬೆಲ್ಟಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ. "ಅವತ್ತು ನೀವು ಬರೀ ಕೈಲಿ ಟ್ಯಾಂಕ್ ಹತ್ತಿದ್ರಿ. ಹಂಗೆ ಹತ್ತೋರನ್ನ ನಾನು ಮೇಲಕ್ಕೆ ಕರ್ಕೊಂಡ್ ಹೋಗಲ್ಲ. ಗಂಡಾಗ್ಲಿ, ಹೆಣ್ಣಾಗ್ಲಿ."

ಭಾರ್ಗವಿಯ ಸಿಟ್ಟು ಸರ್ರನೆ ಇಳಿಯಿತು. ಚಾಚಿದ್ದ ಆ ಎರಡು ಕೈಗಳು, ನಡುಗುವ ದನಿ... ಇದಕ್ಕಾ? ನಾನು ಏನೆಲ್ಲಾ ಅಂದುಕೊಂಡೆ!

ಹಾಗಂತ ಬಿಟ್ಟು ಹೋಗುವ ಜಾಯಮಾನವೇ ಅವಳದು?

"ಬೆಲ್ಟ್ ಇಲ್ದೆ ಹತ್ತಿದ್ದು ನನ್ ತಪ್ಪು. ಒಪ್ಕೊಂತೀನಿ," ಎಂದಳು ಮೆಲ್ಲಗೆ. "ಆದ್ರೆ ಒಂದ್ ಮಾತು ಹೇಳಿ. ಆ ಹುಡುಗ್ರಿಗೆಲ್ಲ ಬೆಲ್ಟ್ ಕೊಟ್ರಿ. ನಂಗೆ ಕೊಟ್ಟಿದ್ರಾ?"

ಹೊರಗೆ ಫ್ಯಾನುಗಳು ಗುಂಯ್ ಎನ್ನುತ್ತಿದ್ದವು. ಅವನು ತಲೆ ತಗ್ಗಿಸಿದ.

"ಕೊಟ್ಟಿರ್ಲಿಲ್ಲ."

"ಯಾಕೆ?"

"ನೀವು... ಹತ್ತಲ್ಲ ಅಂದ್ಕೊಂಡಿದ್ದೆ."

"ಕೊಡದೇ ಇರೋ ಬೆಲ್ಟ್ ಹಾಕ್ಕಂಡಿಲ್ಲ ಅಂತ ಫೇಲ್ ಮಾಡೋದು ಯಾವ ನ್ಯಾಯ ರೀ?"

ಅವನು ಎದ್ದ. ಬೀರು ತೆಗೆದು ಹೊಸ ಬೆಲ್ಟ್ ಒಂದನ್ನು ತಂದು ಅವಳ ಕೈಯಲ್ಲಿಟ್ಟ.

"ಇದು ನನ್ ತಪ್ಪು. ನಿಮ್ದಕ್ಕಿಂತ ದೊಡ್ಡದು. ನಾಳೆಯಿಂದ ಆ ಇಬ್ಬರ ಜೊತೆ ನೀವೂ ಟ್ರೈನಿಂಗ್‌ಗೆ ಬನ್ನಿ. ಹತ್ತು ದಿನ ಕಲಿಸ್ತೀನಿ. ಆಮೇಲೆ ಮ್ಯಾನೇಜರ್ ಉಜ್ಜಿನಪ್ಪ ಸಾರ್ ಟೆಸ್ಟ್ ಇಡ್ತಾರೆ. ಕೆಲ್ಸ ಕೊಡೋದು, ಬಿಡೋದು ಅವರ ಕೈಲೈತೆ."

ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಭಾರ್ಗವಿ ಅಷ್ಟಾಗಿ ನೋಡಿರಲಿಲ್ಲ. ಬೆಲ್ಟನ್ನು ಎದೆಗೆ ಅವಚಿಕೊಂಡಳು.

ಬೆಲ್ಟಿಗೆ ಎರಡು ಹಗ್ಗ, ಎರಡು ಹುಕ್ಕು. ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಮೇಲಿನ ಮೆಟ್ಟಿಲಿಗೆ ಹಾಕಿರಬೇಕು. ಒಬ್ಬರೇ ಎಂದೂ ಹತ್ತಬಾರದು. ಕೆಳಗಿನವರು ಕೇಳಬೇಕು, ಮೇಲಿನವರು ಉತ್ತರ ಕೊಡಬೇಕು.

"ಹಾಕ್ದಾ?"

"ಹಾಕ್ದೆ!"

ಎರಡು ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಬಂತು, ನಾಲ್ಕು ದಿನಕ್ಕೆ ಬೊಬ್ಬೆ ಒಡೆಯಿತು. ಅವಳು ಬಿಡಲಿಲ್ಲ. ಓಬುಳೇಶ ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದ. ಆದರೆ ಸರ್ಕ್ಯೂಟಿನ ಇಂಗ್ಲಿಷ್ ಡ್ರಾಯಿಂಗ್ ಬಿಡಿಸಿದರೆ ಮುಖ ಸಪ್ಪಗಾಗುತ್ತಿತ್ತು. ಊಟದ ಹೊತ್ತಿನಲ್ಲಿ ಭಾರ್ಗವಿ ಅದನ್ನು ಒಂದೊಂದೇ ಗೆರೆ ಹಿಡಿದು ಕನ್ನಡದಲ್ಲಿ ಬಿಡಿಸಿ ಹೇಳಿದಳು. "ಇಷ್ಟೇನಾ! ಒಂಬತ್ತು ವರ್ಷ ಯಾರೂ ಹೇಳ್ಲಿಲ್ಲ ನೋಡಿ," ಎಂದು ಅವನು ನಕ್ಕಾಗ, ಕಲಿತ ನಾಲ್ಕು ವರ್ಷ ಮೊದಲ ಸಲ ಕೆಲಸಕ್ಕೆ ಬಂದಂತೆನಿಸಿತು ಅವಳಿಗೆ.

ಸೈಟಿನಲ್ಲಿ ಎಲ್ಲರೂ ಅವನನ್ನು 'ಓಬುಳೇಶಣ್ಣ' ಎನ್ನುತ್ತಿದ್ದರು. ಭಾರ್ಗವಿ ಮಾತ್ರ ಅಪ್ಪಿತಪ್ಪಿಯೂ ಅನ್ನುತ್ತಿರಲಿಲ್ಲ.

"ಊರಿಗೆಲ್ಲಾ ಅಣ್ಣ ಆದೋನು ನಿನಗ್ಯಾಕಮ್ಮ ಆಗ್ಲಿಲ್ಲ?" ರಾಮಾಂಜಿನಮ್ಮ ಓರೆಗಣ್ಣಲ್ಲಿ ಕೇಳಿದಳು.

"ಸಾರು ಉಕ್ತೈತೆ, ನೋಡು ಹೋಗು ದೊಡ್ಡಮ್ಮ!" ಕೆನ್ನೆ ಕೆಂಪಾಗಿತ್ತು.

ಒಂಬತ್ತನೇ ದಿನ ಸಂಜೆ, ಹಗ್ಗ ಸುತ್ತುತ್ತಾ ಅವಳೇ ಬಾಯಿಬಿಟ್ಟಳು. "ನಂಗೆ ಕೆಲ್ಸ ಸಿಕ್ರೆ ದಿನಾ ಹಿಂಗೇ ಜೊತೇಲಿ ಇರ್ತೀವಲ್ಲ... ಅಲ್ವಾ?"

ಅವನ ಕೈ ನಿಂತಿತು. "ಕೆಲ್ಸ ಸಿಕ್ರೆ ನೀವು ಇಂಜಿನಿಯರ್. ನಾನು ಐಟಿಐ ಓದಿದೋನು, ನಿಮ್ ಕೈಕೆಳಗೆ ದುಡಿಯೋನು. ಅಷ್ಟೇ ಮೇಡಂ."

ಮೇಡಂ ಅಂತೆ, ಮೇಡಂ! ಅಷ್ಟು ಎತ್ತರ ಹತ್ತಲು ಹೆದರದವನು ಇಷ್ಟಕ್ಕೆ ಹೆದರುತ್ತಾನಲ್ಲ! ಅವಳು ಹಗ್ಗ ಅಲ್ಲೇ ಬಿಟ್ಟು ಹೋದಳು.

ಟೆಸ್ಟಿನ ದಿನ ಒಂದು ಫ್ಯಾನನ್ನು ನಿಲ್ಲಿಸಿದ್ದರು. ಕಬ್ಬಿಣದ ಪಟ್ಟಿಗಳ ತೆರೆದ ಕಂಬ, ನೂರೈವತ್ತು ಅಡಿ. ಕೆಳಗೆ ಉಜ್ಜಿನಪ್ಪ ಸಾರ್ ವಾಚು ಹಿಡಿದು ನಿಂತಿದ್ದರು.

"ಹತ್ತು ನಿಮಿಷ. ಅಷ್ಟರಲ್ಲಿ ತುದಿ ಮುಟ್ಟಬೇಕು."

ಮೊದಲ ಹುಡುಗ ಇನ್ನೊಬ್ಬ ಟೆಕ್ನಿಷಿಯನ್ ಜೊತೆ ಎಂಟು ನಿಮಿಷದಲ್ಲಿ ಮುಟ್ಟಿದ. ಎರಡನೆಯವನು ಒಂಬತ್ತರಲ್ಲಿ. ಭಾರ್ಗವಿ ಕಣ್ಣು ಕಿರಿದು ಮಾಡಿ ಇಬ್ಬರನ್ನೂ ನೋಡುತ್ತಲೇ ಇದ್ದಳು. ಅವಳ ಸರದಿ ಬಂದಾಗ, ಅಲ್ಲಿಯವರೆಗೆ ಆಫೀಸಿನ ಒಳಗಿದ್ದ ಓಬುಳೇಶ ಅವಳ ಹಿಂದೆ ಹತ್ತಲು ಬಂದ.

"ಹಾಕ್ದಾ?"

"ಹಾಕ್ದೆ!"

ಮುಕ್ಕಾಲು ದಾರಿಯಲ್ಲಿ ನೆಲದಿಂದ ಉಜ್ಜಿನಪ್ಪ ಸಾರ್ ಕೂಗಿದರು. "ಒಂಬತ್ತು ನಿಮಿಷ ಆಯ್ತಮ್ಮಾ!"

ಹುಕ್ಕು ಬಿಟ್ಟರೆ ಓಡಬಹುದು. ಅವತ್ತು ಟ್ಯಾಂಕ್ ಹತ್ತಿದಂತೆ... ಒಂದೇ ಉಸಿರಿಗೆ. ಬೇಕಾದ ಕೆಲಸ ಇನ್ನು ನಲವತ್ತು ಅಡಿ ದೂರದಲ್ಲಿತ್ತು. ಬೆರಳು ಹುಕ್ಕಿನ ಮೇಲೆ ಅರೆಕ್ಷಣ ನಿಂತಿತು.

"ಹಾಕ್ದಾ?" ಕೆಳಗಿನಿಂದ ಓಬುಳೇಶನ ಅದೇ ದನಿ. ಅವಸರವಿಲ್ಲದ ದನಿ.

ಕಣ್ಣಲ್ಲಿ ನೀರು ತುಂಬಿತು. "ಹಾಕ್ದೆ!"

ತುದಿಯ ಕಟ್ಟೆ ಮುಟ್ಟಿದಾಗ ಹದಿಮೂರು ನಿಮಿಷ. ವಾಕಿಟಾಕಿ ಗರಗರ ಎಂದಿತು. "ಟೈಮ್ ಮುಗೀತಮ್ಮಾ. ಫೇಲ್ ಅಂತ ಬರೀತೀನಿ."

ಭಾರ್ಗವಿ ಓಬುಳೇಶನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು.

"ಬರೆಯೋಕ್ ಮುಂಚೆ ನಿಮ್ ಎದುರಿಗಿರೋ ಬೋರ್ಡ್ ಓದಿ ಸಾರ್. ಹುಕ್ಕು ಹಾಕದೆ ಹತ್ತಬಾರದು ಅಂತ ನೀವೇ ಬರೆಸಿದ್ದೀರ. ಆ ಇಬ್ರೂ ಅರ್ಧ ದಾರಿಗೆ ಹುಕ್ಕೇ ಹಾಕಿಲ್ಲ. ನೀವು ವಾಚ್ ನೋಡ್ತಿದ್ರಿ, ನಾನು ಅವರ ಕೈ ನೋಡ್ತಿದ್ದೆ!"

"ಅದು..."

"ಫೇಲ್ ಅಂತ ಬರೆಯೋದಾದ್ರೆ ಬರೀರಿ. ಕಾರಣಾನೂ ಬರೀರಿ, 'ಎಲ್ಲಾ ಹುಕ್ಕು ಹಾಕಿದಳು' ಅಂತ. ಕೆಳಗೆ ಸೈನ್ ಹಾಕಿ ಕೊಡಿ. ನಮ್ ಕಾಲೇಜಿನ ನೋಟಿಸ್ ಬೋರ್ಡಿಗೆ ನಾನೇ ಅಂಟಿಸ್ತೀನಿ!"

ಓಬುಳೇಶ ಮೆಲ್ಲಗೆ ಕೈ ಚಾಚಿ ವಾಕಿಟಾಕಿ ತೆಗೆದುಕೊಂಡ.

"ಸಾರ್, ಓಬುಳೇಶ ಮಾತಾಡ್ತಿರೋದು. ಮೇಲೆ ಹೋದಾಗ ನನ್ ಜೀವ ಜೊತೇಲಿ ಇರೋರ ಕೈಲಿರ್ತೈತೆ. ಅದು ಯಾರ ಕೈ ಅಂತ ಹೇಳೋ ಹಕ್ಕು ನಂಗೈತೆ. ಇವರು ಇಲ್ಲ ಅಂದ್ರೆ ನಾಳೆಯಿಂದ ನಾನೂ ಹತ್ತಲ್ಲ."

ವಾಕಿಟಾಕಿಯಲ್ಲಿ ಉಜ್ಜಿನಪ್ಪ ಸಾರ್ ಕೆಮ್ಮಿದರು. "ಮೂರು ತಿಂಗಳು ಟ್ರಯಲ್ ಮೇಲೆ ತಗೋತೀನಿ. ಆ ಇಬ್ಬರೂ ಇನ್ನೊಂದ್ಸಲ ಹತ್ತಲಿ... ಹುಕ್ಕು ಹಾಕ್ಕೊಂಡು."

ಗೆದ್ದಿದ್ದಳು! ಕೆಳಗೆ ಗುಡ್ಡಗಳು, ಕಡಲೆಕಾಯಿ ಹೊಲಗಳು, ದೂರದಲ್ಲಿ ಕಲ್ಯಾಣದುರ್ಗ. ಪಕ್ಕದಲ್ಲಿ ಅವನು.

"ಸಾರ್‌ಗೆ ಹೇಳಿದ್ರಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತಾ, "ಅದು ಬರೀ ಕೆಲ್ಸದ ಮಾತಾ?"

ಅವನು ರೇಲಿಂಗ್ ಬಿಗಿಯಾಗಿ ಹಿಡಿದ. "ಅಲ್ಲ. ಅವತ್ತು ಆ ಟ್ಯಾಂಕ್ ಕೆಳಗೆ ನಿಂತಾಗ ನಿಮ್ ಪರಿಚಯಾನೇ ಇರ್ಲಿಲ್ಲ. ಆದ್ರೂ ಉಸ್ರು ನಿಂತೋಗಿತ್ತು... ನೀವಂದ್ರೆ ನಂಗೆ ಪ್ರಾಣ. ಹೇಳಕ್ ಭಯ ಆಗಿತ್ತು."

"ಮೊನ್ನೆ ಐಟಿಐ, ಇಂಜಿನಿಯರ್ ಅಂದ್ರಲ್ಲ, ಆ ಮಾತು ವಾಪಸ್ ತಗೋಳಿ."

"ತಗೊಂಡೆ."

"ಮೇಡಂ ಅನ್ನೋದನ್ನೂ!"

"ತಗೊಂಡೆ... ಭಾರ್ಗವಿ."

ತನ್ನ ಹೆಸರು ಇಷ್ಟು ಚೆನ್ನಾಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ!

"ನಂಗೂ ನೀವಂದ್ರೆ ಇಷ್ಟ. ಬೆಲ್ಟ್ ಕೈಲಿಟ್ಟ ದಿನದಿಂದ," ಎಂದಳು ನೇರವಾಗಿ. "ಬರೋ ಭಾನುವಾರ ಲೇಪಾಕ್ಷಿಗೆ ಬನ್ನಿ, ನಮ್ಮಪ್ಪನ ಹತ್ರ ಮಾತಾಡಿ."

"ಬತ್ತೀನಿ."

ಅವನು ಮೊದಲು ಏಣಿಗೆ ಇಳಿದ. ಯಾವಾಗಲೂ ಅವನು ಕೆಳಗೆ, ಎಲ್ಲರನ್ನೂ ಕೇಳುವವನು ಅವನೇ.

"ಹಾಕ್ದಾ, ಭಾರ್ಗವಿ?"

"ಹಾಕ್ದೆ ರೀ. ನೀವು?"

ಅವನು ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ. ದಾಸಣ್ಣ ಹೋದ ಮೇಲೆ ಅವನನ್ನು ಯಾರೂ ಆ ಮಾತು ಕೇಳಿರಲಿಲ್ಲ.

"ನಿಮ್ಮನ್ನೇ ಕೇಳ್ತಿರೋದು. ಹಾಕಿದ್ರಾ?"

"ಹಾಕ್ದೆ," ಎಂದ ಓಬುಳೇಶ. ಅವನ ದನಿ ಮತ್ತೆ ನಡುಗುತ್ತಿತ್ತು.