ಕೆಂಪು ದಾರದ ಟೊಂಗೆ

"ನಿಮ್ಮ ಫೋನ್ ಕೊಡ್ರಿ" ಎಂದು ಗುರುತಿಲ್ಲದ ಹುಡುಗಿ ಕೈಚಾಚಿದಾಗ, ಕೊಡಬಾರದು ಎಂದೇ ಗೋರಖನಾಥನಿಗೆ ಮೊದಲು ಅನಿಸಿದ್ದು. ಆಮೇಲೆ ಅವಳ ಮುಖ ನೋಡಿದ. ಕೊಟ್ಟುಬಿಟ್ಟ.

"ಯಾಕಂತ ಕೇಳೋದಿಲ್ಲೇನ್ರಿ?"

"ಕೊಟ್ಟಮ್ಯಾಲ ಕೇಳಿ ಏನ್ ಮಾಡ್ಲಿರಿ?"

ಅವಳು ನಕ್ಕು ಫೋನನ್ನು ತಗಡಿನ ಡಬ್ಬಿಯೊಳಗೆ ಹಾಕಿದಳು. ನಗುವನ್ನು ಮಾತ್ರ ಅಲ್ಲೇ ಹೊಲದಲ್ಲಿ ಬಿಟ್ಟುಹೋದಂತಾಯಿತು ಅವನಿಗೆ.

ಹೆಸರು ದೇಬೋರಾ. ಬೀದರಿನ ಮೆಥಡಿಸ್ಟ್ ಚರ್ಚಿನ ಹಿಂದಿನ ಓಣಿಯವಳು, ತಾಯಿ ನರ್ಸ್. ಈಗ ಭಾಲ್ಕಿಯಲ್ಲಿ ರೂಮು ಮಾಡಿಕೊಂಡು, ಮೊಬೈಲಿನ ಇಂಟರ್ನೆಟ್ಟು ಮನುಷ್ಯರ ಗಮನವನ್ನು ಏನು ಮಾಡುತ್ತಿದೆ ಎಂದು ಪಿಎಚ್‌ಡಿ ಮಾಡುತ್ತಿದ್ದಳು. ಕೆಲವು ದಿನ ಫೋನು ಕಿಸೆಯಲ್ಲಿರಬೇಕು, ಕೆಲವು ದಿನ ಅವಳ ಡಬ್ಬಿಯಲ್ಲಿ. ಯಾವ ದಿನ ಕೈಕೆಲಸ ಹೆಚ್ಚು ತಪ್ಪುತ್ತದೆ ಎಂದು ನೋಡುವುದು. ಅದಕ್ಕಾಗಿ ಔರಾದ ತಾಲೂಕಿನ ಎಕಂಬಾದಲ್ಲಿದ್ದ ಈ ಪ್ರಯೋಗದ ಹೊಲ ಆರಿಸಿಕೊಂಡಿದ್ದಳು. ಆದರೆ ಅದು ಮಳೆ ಕೈಕೊಟ್ಟ ವರ್ಷ. ಕೂಲಿಯ ಹೆಂಗಸರು ಹೈದರಾಬಾದು, ಪುಣೆ ಅಂತ ಹೊರಟುಹೋಗಿದ್ದರು. ಮಂದಿ ಸಾಲದೆ ಹೊಲದ ಸಂಶೋಧಕ ಗೋರಖನಾಥನನ್ನೇ ತನ್ನ ಸ್ಟಡಿಗೆ ಹಿಡಿದಳು.

ಗೋರಖನಾಥನದು ತೊಗರಿಯ ಕೆಲಸ. ನಾಳೆ ಅರಳಬೇಕಾದ ಮೊಗ್ಗನ್ನು ಚಿಮಟಾದಿಂದ ಬಿಡಿಸಿ, ಒಳಗಿನ ಗಂಡು ಎಳೆಗಳನ್ನೆಲ್ಲ ಕಿತ್ತು, ಬರಕ್ಕೆ ಬಗ್ಗದ ಜವಾರಿ ತೊಗರಿಯ ಪರಾಗ ಸವರಿ, ಗುರುತಿಗೆ ಕೆಂಪು ದಾರ ಕಟ್ಟುವುದು. ಒಂದೇ ಒಂದು ಎಳೆ ಉಳಿದರೂ ಹೂವು ತನ್ನದೇ ಪರಾಗಕ್ಕೆ ಕಾಯಿ ಕಟ್ಟುತ್ತದೆ. ಆಗ ಅದು ಹೊಸ ತಳಿಯಲ್ಲ, ಹಳೆಯದೇ. ನೀರು ಕಡಿಮೆಯಾದರೂ ಹೂ ಉದುರಿಸದ ತೊಗರಿಯೊಂದು ತನ್ನ ಕೈಯಿಂದ ಆಗಬೇಕು, ಊರಿನ ಮಂದಿ ಗಂಟುಮೂಟೆ ಕಟ್ಟುವುದು ನಿಲ್ಲಬೇಕು ಎಂಬುದೊಂದೇ ಅವನ ಆಸೆ.

ಈಗ ಇನ್ನೊಂದೂ ಸೇರಿಕೊಂಡಿತ್ತು. ಅದು ಭಾಲ್ಕಿಯ ಬಸ್ಸಿನಲ್ಲಿ ಬರುತ್ತಿತ್ತು.

ಆದರೆ ಒಂದು ಮುಳ್ಳು. ಊರಲ್ಲೇ ಉಳಿದ ಕೂಲಿಯ ಸುಭದ್ರಾಬಾಯಿ ಬೇವಿನ ಕೆಳಗೆ ಚಹಾ ಕಾಸಿದಾಗಲೆಲ್ಲ ಅವನು ದೇಬೋರಾಳಿಗೆ ಕಪ್ಪು ಒಯ್ಯುತ್ತಿದ್ದ. ಅವಳು ಪ್ರತಿ ಸಲವೂ "ಬ್ಯಾಡ್ರಿ" ಎನ್ನುತ್ತಿದ್ದಳು. ನಗುತ್ತಲೇ ಎನ್ನುತ್ತಿದ್ದಳು, ಆದರೂ ಎನ್ನುತ್ತಿದ್ದಳು. ಕಮಠಾಣದ ಹೋಟೆಲಿನಲ್ಲಿ ಅವನ ಅಜ್ಜನಿಗೆ ಹೊರಗೆ ಬೇರೆ ಕಪ್ಪು ಇಡುತ್ತಿದ್ದರು. ಮನೆಯವರೆಲ್ಲ ಬೌದ್ಧರಾಗಿ, ಓದಿ, ನೌಕರಿ ಹಿಡಿದರೂ ಆ ಕಪ್ಪು ಮರೆತಿರಲಿಲ್ಲ. ಒಬ್ಬರು ಚಹಾ ಬೇಡವೆಂದರೆ ಯಾಕೆ ಎಂದು ಅವನು ಕೇಳುವವನಲ್ಲ. ಕಪ್ಪು ವಾಪಸು ತಂದು ತಾನೇ ಕುಡಿದುಬಿಡುತ್ತಿದ್ದ.

ಇತ್ತ ದೇಬೋರಾಳ ಕೆಲಸವೂ ಹಳಿ ತಪ್ಪಿತ್ತು. ಫೋನು ಡಬ್ಬಿಯಲ್ಲಿದ್ದ ದಿನವೇ ಸುಭದ್ರಾಬಾಯಿಯ ತಪ್ಪು ಹೆಚ್ಚು! ಮಗಳು ಪುಣೆಯಲ್ಲಿ ಇಟ್ಟಂಗಿ ಹೊರುತ್ತಿದ್ದಳು. ಅವಳ ಫೋನು ಬಂದೀತೆಂದು ಸುಭದ್ರಾಬಾಯಿಯ ಕಣ್ಣು ಡಬ್ಬಿಯ ಮೇಲೇ.

"ಫೋನಿನಿಂದ ಗಮನ ಕೆಡ್ತದ ಅಂತ ತೋರಸ್ಲಾಕ ನನಗ ಒಬ್ಬರಾದ್ರೂ ಬರಾಬರ್ ಸಿಗವಲ್ರು ನೋಡ್ರಿ" ಎಂದು ದೇಬೋರಾ ಗೋಳಾಡಿಕೊಂಡಳು.

ಚಳಿಗಾಲ ಬಂತು. ದಾರ ಕಟ್ಟಿದ ಹೂಗಳು ನೀರಿಲ್ಲದೆ ಒಂದೊಂದೇ ಉದುರಿದವು. ಒಂದು ಟೊಂಗೆ ಮಾತ್ರ ತುಂಬಿ ನಿಂತಿತ್ತು. ಕೆಂಪು ದಾರವಿದ್ದಲ್ಲೆಲ್ಲ ಕಾಯಿ. ಬೀದರಿನಿಂದ ಬಂದ ಅವನ ಗೈಡ್ ಕಾಶೀರಾಮ ಸರ್ ಆ ಟೊಂಗೆಯನ್ನು ಮಗುವಿನಂತೆ ಸವರಿದರು.

"ಗೆದ್ದೀವಲ್ಲೋ ಗೋರಖ! ಮುಂದಿನ ವರ್ಷದ ಪ್ರಯೋಗದ ರೊಕ್ಕ ಬಂದಂಗ ತಿಳ್ಕೋ."

ಗೋರಖನಾಥ ಟೊಂಗೆಯ ದಾರ ನೋಡಿದ. ಅದನ್ನು ಕಟ್ಟಿದ ಬೆಳಿಗ್ಗೆ ಅವನಿಗೆ ಚೆನ್ನಾಗಿ ನೆನಪಿತ್ತು. ಮಂದಿ ಸಾಲದ್ದರಿಂದ ಪರಾಗದ ಬಟ್ಟಲು ಹಿಡಿದು ದೇಬೋರಾ ಎದುರಿಗೆ ಕೂತಿದ್ದಳು. ಅವಳ ಮೂಗಿನ ತುದಿಗೆ ಹಳದಿ ಪರಾಗ ಹತ್ತಿತ್ತು. ಅದನ್ನು ನೋಡುತ್ತ ದಾರ ಕಟ್ಟಿದ್ದು ನೆನಪಿದೆ. ಎಳೆ ಕಿತ್ತಿದ್ದು ಮಾತ್ರ ಎಷ್ಟು ತಡಕಿದರೂ ನೆನಪಿಲ್ಲ. ಎಳೆ ಕೀಳದ ಹೂವಿಗೆ ಗಾಯವಿಲ್ಲ, ಅದು ಸುಲಭವಾಗಿ ತನ್ನದೇ ಕಾಯಿ ಕಟ್ಟುತ್ತದೆ. ಸುಮ್ಮನಿದ್ದರೆ ಈ ಹೊತ್ತು ಗೆದ್ದಂತೆ. ಆದರೆ ರೈತ ಅದನ್ನು ಬಿತ್ತಿದ ಮೇಲೆ ಬರ ಬಂದರೆ ಹೂ ಉದುರುತ್ತದೆ.

"ಸರ್, ಈ ಟೊಂಗಿ ನಂಬಬ್ಯಾಡ್ರಿ. ನನ್ನ ಗಲತಿ ಅದ. ಎಳಿ ತೆಗೀಲಾರ್ದ ದಾರ ಕಟ್ಟೀನಿ."

ಕಾಶೀರಾಮ ಸರ್ ಟೊಂಗೆಯಿಂದ ಕೈ ಹಿಂದಕ್ಕೆಳೆದುಕೊಂಡರು. "ಬ್ಯಾರೆ ಗಿಡದಾಗ ನಾಕು ಕಾಯಿ ಉಳದಾವಲ್ಲ, ಅವನ್ನ ಜ್ವಾಪಾನ ಮಾಡು. ಅವು ಖರೇ ಇದ್ರ ಸಾಕು" ಎಂದು ಆ ಕಡೆ ನಡೆದರು.

ಇದನ್ನು ಕೇಳಿಸಿಕೊಂಡ ದೇಬೋರಾ ಓಡಿಬಂದಳು. ಅವಳ ಕಣ್ಣಲ್ಲಿ ಮಿಂಚಿತ್ತು.

"ಅವತ್ತ ಫೋನ್ ನಿಮ್ಮ ಕಿಸೇದಾಗೇ ಇತ್ತಲ್ರಿ! ಕಿಸೇದಾಗ ಗುರ್ ಅಂದಿತ್ತೇನು? ಮನಸು ಆ ಕಡೆ ಹೋಗಿತ್ತೇನು?"

ಹೌದು ಎಂದರೆ ಸಾಕು, ಅವಳಿಗೆ ಬೇಕಾದದ್ದು ಸಿಕ್ಕಂತೆ. ಅವಳಿಗೆ ಏನಾದರೂ ಕೊಡಬೇಕೆಂದು ಅವನಿಗೆ ಎಷ್ಟೋ ದಿನದಿಂದ ಆಸೆ. ಆದರೆ ಸುಳ್ಳು ಕೊಡುವುದು ಹೇಗೆ?

"ಇಲ್ರಿ. ಫೋನಿನ ನೆನಪೇ ಇರ್ಲಿಲ್ಲ."

"ಮತ್ತ ಗಮನ ತಪ್ಪಿಸಿದ್ದು ಏನ್ರಿ?"

"ನೀವು."

ದೇಬೋರಾ ಗಿಡ ನೋಡಿದಳು, ನೆಲ ನೋಡಿದಳು, ಅವನನ್ನು ಮಾತ್ರ ನೋಡಲಿಲ್ಲ. ಕಿವಿ ಕೆಂಪಾಗಿದ್ದವು.

"ಹಂಗಾದ್ರ ನಿಮ್ಮನ್ನ ಸ್ಟಡಿಯಿಂದ ತೆಗೀಬೇಕಾಗ್ತದ."

ಗೋರಖನಾಥನ ಮುಖ ಬಾಡಿತು. ಇಷ್ಟು ದಿನ ನುಂಗಿದ್ದು ಹೊರಗೆ ಬಂತು. "ತಿಳೀತ್ರಿ. ನಮ್ಮ ಕೈಯಾಂದು ಚಾ ಸುದ್ದಾ ಕುಡೀಲಾರದವ್ರು ನೀವು. ನಾನೇ ಹುಚ್ಚ."

"ಏನಂದ್ರಿ?" ಅವಳು ಈಗ ನೇರವಾಗಿ ನೋಡಿದಳು. "ನಮ್ಮ ಅಜ್ಜಿಗೂ ಹೊರಗ ಕಪ್ ಇಡ್ತಿದ್ರು, ಗೋರಖನಾಥ. ನಾ ಹಂಗ ಮಾಡ್ತೇನೇನ್ರಿ? ಸ್ಟಡಿದಾಗ ಇದ್ದವ್ರ ಕಡಿಂದ ಏನೂ ತಗೋಬಾರ್ದು, ಸಲಿಗಿ ಬೆಳಸಬಾರ್ದು ಅಂತ ನಿಯಮ ಅದ. ಸುಭದ್ರಾಬಾಯಿ ಕೊಟ್ಟಾಗೂ ಬ್ಯಾಡ ಅಂದೀನಿ. ಅದನ್ನ ನೋಡ್ಲಿಲ್ರಿ?"

"ನನ್ನ ಗಮನ ಅಲ್ಲಿರ್ಲಿಲ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಬೇವಿನ ನೆರಳಿಗೆ ನಡೆದು, ಒಲೆಯ ಪಕ್ಕ ಅವನಿಗೆಂದು ಮುಚ್ಚಿಟ್ಟಿದ್ದ ಕಪ್ಪನ್ನು ಎತ್ತಿ ಅವನ ಕೈಗಿಟ್ಟಳು. ಆಮೇಲೆ ತನ್ನ ಕೈಚಾಚಿದಳು, ಮೊದಲ ದಿನ ಫೋನಿಗೆ ಚಾಚಿದ ಹಾಗೆಯೇ.

"ಈಗ ನೀವು ಸ್ಟಡಿದಾಗ ಇಲ್ಲ. ಕೊಡ್ರಿ."

ಅವನು ಕೊಟ್ಟ. ಬೆರಳಿಗೆ ಬೆರಳು ತಾಗಿ ಒಂದಿಷ್ಟು ಚಹಾ ತುಳುಕಿತು.

"ಇನ್ನೊಂದು ಹೇಳ್ಲಿ?" ಗುಟುಕರಿಸುತ್ತ ಅವಳು ದನಿ ತಗ್ಗಿಸಿದಳು. "ಮೂಗಿಗೆ ಪರಾಗ ಹತ್ತಿದ್ದು ನನಗ ಗೊತ್ತಿತ್ತು. ನೀವು ನೋಡ್ಲಾಕತ್ತಿದ್ರಿ ಅಂತ ಒರಸ್ಲಿಲ್ಲ."

ಅಷ್ಟರಲ್ಲಿ ಡಬ್ಬಿ ರಿಂಗಾಯಿತು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಸುಭದ್ರಾಬಾಯಿಯೇ ಓಡಿಬಂದು ಫೋನು ತೆಗೆದಳು. ಮಳೆಗಾಲಕ್ಕೆ ಊರಿಗೆ ಬರುತ್ತೇನೆಂದು ಆ ಕಡೆಯಿಂದ ಮಗಳು ಹೇಳುತ್ತಿದ್ದಳು.

"ಚಾ ಹ್ಯಾಂಗದರಿ?" ಎಂದು ಕೇಳಿದ ಗೋರಖನಾಥ.

"ಸಕ್ಕರಿ ಹೆಚ್ಚಾಗ್ಯದ. ನಾಳಿಂದ ನನಗ ಕಡಿಮಿ ಹಾಕ್ಲಾಕ ಹೇಳ್ರಿ."

ಸಕ್ಕರೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ನಾಳೆಯೂ ಬರುತ್ತಾಳೆ ಎಂಬುದಷ್ಟೇ ಕೇಳಿಸಿತ್ತು.